ಜೀಕುದಾರಿಗೆ ಜಾಗ ಕೇಳೋಣ ಬನ್ನಿ

(ಶಿಕಾಗೋ ಮತ್ತು ಡೆಟ್ರಾಯಿಟ್ ಕಡೆಯ ಕನ್ನಡಿಗರ ಬೇಸಿಗೆ ಕೂಟದಲ್ಲಿ ಆಡಿದ ಮಾತು)



ಬಿಸಿಬೇಳೆಬಾತ್ ಆದ ಮೇಲೆ ಮಾತಾಡಲು ಕರೆದಿದ್ದೀರಿ. ನಿಮಗೆ ತೂಕಡಿಕೆ ಬರುವ ಮುಂಚೆ ವಿಷಯಕ್ಕೆ ಬರುತ್ತೇನೆ. ಮಕ್ಕಳ ಸೈಕಲ್, ಸ್ಕೇಟ್‌ಬೋರ್ಡ್, ಸ್ಕೂಟರುಗಳಿಗಾಗಿ ನಮ್ಮ ನಮ್ಮ ಊರುಗಳಲ್ಲಿ ಒಂದೊಂದು ಪಂಪ್ ಟ್ರ್ಯಾಕ್ ಆಗಬೇಕು, ಅದನ್ನು ಕೇಳುವವರಲ್ಲಿ ಕನ್ನಡಿಗರೂ ಇರಬೇಕು. ನನ್ನ ಮಾತು ಇಷ್ಟೇ. ಡೆಟ್ರಾಯಿಟ್‌ನ ಗೆಳೆಯರೇ, ನಿಮ್ಮ ಕೂಟಕ್ಕೆ ಹೆಸರು ಕೊಟ್ಟ ಪಂಪನಿಗೂ ಇದಕ್ಕೂ ನಂಟಿಲ್ಲ, ಗಾಬರಿಯಾಗಬೇಡಿ!

ಏನಿದು ಪಂಪ್ ಟ್ರ್ಯಾಕ್? ಸಣ್ಣ ಸಣ್ಣ ದಿಬ್ಬಗಳು, ಹೊರ ಅಂಚು ಎತ್ತರವಿರುವ ತಿರುವುಗಳು, ಸುತ್ತಿ ಬಂದು ಸೇರುವ ದಾರಿ. ಇಲ್ಲಿ ಪೆಡಲ್ ತುಳಿಯಬೇಕಾಗಿಲ್ಲ. ನಾಗರಪಂಚಮಿಯ ಜೋಕಾಲಿಯನ್ನು ನೆನೆಸಿಕೊಳ್ಳಿ. ಯಾರೂ ತಳ್ಳದಿದ್ದರೂ ಜೀಕಿ ಜೀಕಿ ಮೇಲೇರುತ್ತಿದ್ದೆವಲ್ಲ, ಅದೇ ಲೆಕ್ಕ. ತಗ್ಗಿನಲ್ಲಿ ಮೈ ಭಾರವೆನಿಸುವಾಗ ಕಾಲು ನೀಡಿ ಒತ್ತಬೇಕು, ದಿಬ್ಬದ ನೆತ್ತಿಯಲ್ಲಿ ಹಗುರವಾದಾಗ ಮಂಡಿ ಮಡಿಸಬೇಕು. ಭಾರವಿದ್ದಾಗ ಹಾಕಿದ್ದು ಹೆಚ್ಚು, ಹಗುರವಿದ್ದಾಗ ಕಳೆದದ್ದು ಕಡಿಮೆ. ಉಳಿದ ಲಾಭವೇ ವೇಗ. 'ಪಂಪ್' ಎಂಬುದಕ್ಕೆ ನಮ್ಮಲ್ಲಿ 'ಜೀಕು' ಅನ್ನುವ ಒಳ್ಳೆಯ ಮಾತು ಮೊದಲೇ ಇದೆ. ಹಾಗಾಗಿ ನಾನು ಇದನ್ನು ಜೀಕುದಾರಿ ಎಂದು ಕರೆಯುತ್ತೇನೆ.

ಇದನ್ನು ಮಣ್ಣಿನಲ್ಲೂ ಕಟ್ಟಬಹುದು, ಡಾಂಬರಿನಲ್ಲೂ ಕಟ್ಟಬಹುದು. ಮಣ್ಣಿನದ್ದಕ್ಕೆ ಖರ್ಚು ಕಡಿಮೆ, ಆದರೆ ಪ್ರತಿ ಮಳೆಯಾದ ಮೇಲೂ ಯಾರಾದರೂ ಸಲಿಕೆ ಹಿಡಿಯಬೇಕು. ಸ್ಕೇಟ್‌ಬೋರ್ಡು ಮತ್ತು ಸ್ಕೂಟರಿನ ಪುಟ್ಟ ಗಾಲಿಗಳು ಮಣ್ಣಿನ ಮೇಲೆ ಉರುಳುವುದೂ ಇಲ್ಲ. ಎಲ್ಲ ಮಕ್ಕಳಿಗೂ ಬೇಕೆಂದರೆ ಡಾಂಬರೇ ಸರಿ. ಚಳಿಗಾಲದಲ್ಲಿ ನೆಲ ಹೆಪ್ಪುಗಟ್ಟಿ ಕರಗುವ ನಮ್ಮೂರುಗಳಲ್ಲಿ ನೀರು ಹರಿದು ಹೋಗುವ ದಾರಿಯನ್ನು ಮೊದಲು ಯೋಚಿಸಬೇಕು. ತಗ್ಗಿನಲ್ಲಿ ನಿಂತ ನೀರು ಬಿರುಕಿಗಿಳಿದರೆ ಎಂಥ ಡಾಂಬರೂ ಉಳಿಯದು.

"ಇದೆಲ್ಲ ಆಗುವ ಮಾತೇ?" ಅನ್ನುವವರು ಶಿಕಾಗೋದ ಆಗ್ನೇಯ ಮೂಲೆಯ ಕ್ಯಾಲ್ಯುಮೆಟ್ ಕೆರೆಯ ಕಡೆ ಹೋಗಿ ನೋಡಿ. ಉಕ್ಕಿನ ಕಾರ್ಖಾನೆಗಳ ಕಿಟ್ಟ ಸುರಿದಿದ್ದ ಜಾಗ ಅದು. ಶಿಕಾಗೋ ಪಾರ್ಕ್ ಡಿಸ್ಟ್ರಿಕ್ಟ್ 2011ರಲ್ಲಿ ಅದನ್ನು ಪಡೆಯಿತು. ಕಿಟ್ಟದ ಮೇಲೆ ಒಳ್ಳೆಯ ಮಣ್ಣು ಹೊದಿಸಿ, 2016ರ ನವೆಂಬರಿನಲ್ಲಿ ಬಿಗ್ ಮಾರ್ಶ್ ಬೈಕ್ ಪಾರ್ಕ್ ತೆರೆಯಿತು. ಇಂದು ಅಲ್ಲಿ ಜೀಕುದಾರಿಗಳೂ ಇವೆ. ಡೆಟ್ರಾಯಿಟ್‌ನಲ್ಲಿ ಡೇವಿಸನ್ ಹೆದ್ದಾರಿಯ ಪಕ್ಕದ ಪಾಳು ಸೈಟುಗಳಲ್ಲಿ ಪವರ್ ಹೌಸ್ ಪ್ರೊಡಕ್ಷನ್ಸ್ ಎಂಬ ಕಲಾವಿದರ ಸಂಸ್ಥೆ 2012ರಿಂದ 'ರೈಡ್ ಇಟ್' ಸ್ಕೇಟ್ ಪಾರ್ಕ್ ಕಟ್ಟಿತು. ಆನ್ ಆರ್ಬರಿನಲ್ಲಿ ಊರಿನವರೇ ಗುಂಪು ಕಟ್ಟಿಕೊಂಡು ಹಲವು ವರುಷ ಬೆನ್ನುಬಿಡದೆ ಕೇಳಿದರು, ಹಣ ಕೂಡಿಸಿದರು. ಕೌಂಟಿಯೂ ರಾಜ್ಯವೂ ಕೈಜೋಡಿಸಿದ ಮೇಲೆ, 2014ರಲ್ಲಿ ವೆಟರನ್ಸ್ ಮೆಮೋರಿಯಲ್ ಪಾರ್ಕಿನಲ್ಲಿ ಅವರ ಸ್ಕೇಟ್ ಪಾರ್ಕ್ ತೆರೆಯಿತು. ಈ ಯಾವುದೂ ತಾನಾಗಿ ಬಂದದ್ದಲ್ಲ, ಯಾರೋ ಕೇಳಿದ್ದರಿಂದ ಬಂತು.

ಹಾಗಾದರೆ ಯಾರನ್ನು ಕೇಳಬೇಕು? ಇಲಿನಾಯ್‌ನ ಹೆಚ್ಚಿನ ಉಪನಗರಗಳಲ್ಲಿ ಪಾರ್ಕ್ ಡಿಸ್ಟ್ರಿಕ್ಟ್ ಅನ್ನುವುದು ಊರಾಡಳಿತದಿಂದ ಬೇರೆಯಾದ ಸಂಸ್ಥೆ. ಅದರ ಬೋರ್ಡನ್ನು ಜನರೇ ಆರಿಸುತ್ತಾರೆ, ಆಸ್ತಿ ತೆರಿಗೆಯ ಚೀಟಿಯಲ್ಲಿ ಅದಕ್ಕೆಂದೇ ಒಂದು ಸಾಲಿದೆ. ಹೊಸ ಪಾರ್ಕಿನ ಕೆಲಸಕ್ಕೆ ರಾಜ್ಯದ ಓಸ್ಲ್ಯಾಡ್ ಅನುದಾನ ಸಾಮಾನ್ಯವಾಗಿ ವೆಚ್ಚದ ಅರ್ಧದವರೆಗೆ ಸಿಗುತ್ತದೆ. ಮಿಶಿಗನ್‌ನಲ್ಲಿ ಸಿಟಿ ಅಥವಾ ಟೌನ್‌ಶಿಪ್ಪನ್ನು ಕೇಳಬೇಕು. ಅಲ್ಲಿ ರಾಜ್ಯದ ಟ್ರಸ್ಟ್ ಫಂಡಿಗೆ ಅರ್ಜಿ ಹಾಕಬೇಕಾದರೆ ಊರಿಗೆ ಐದು ವರುಷದ ಮನರಂಜನಾ ಯೋಜನೆ ಇರಬೇಕು. ಆ ಯೋಜನೆ ಹೊಸದಾಗಿ ಬರೆಯುವಾಗ ನಮ್ಮ ಬೇಡಿಕೆ ಅದರೊಳಗೆ ಸೇರಬೇಕು. ಕರಡಿನಲ್ಲೇ ಇಲ್ಲದ್ದು ಮುಂದೆ ಕಾಮಗಾರಿಯಾಗುವುದು ಕಷ್ಟ. ಸಾಫ್ಟ್‌ವೇರಿನ ನಮಗೆ ಇದನ್ನು ಬಿಡಿಸಿ ಹೇಳಬೇಕೆ? ರಿಕ್ವೈರ್‌ಮೆಂಟ್ ಹಂತದಲ್ಲಿ ಬಾಯಿ ಬಿಡದವನು ರಿಲೀಸಿನ ದಿನ ಗೊಣಗಿದರೆ ಯಾರು ಕೇಳುತ್ತಾರೆ?

ಈಗ ಮುಖ್ಯವಾದ ಮಾತು. ನಮ್ಮಲ್ಲಿ ಬಹಳ ಜನ ಎಚ್-1ಬಿಯಲ್ಲಿದ್ದೇವೆ, ಹಸಿರು ಕಾರ್ಡಿನ ಸಾಲಿನಲ್ಲಿ ವರುಷಗಟ್ಟಲೆ ನಿಂತಿದ್ದೇವೆ. "ನಮಗೆ ಓಟಿಲ್ಲ, ನಮ್ಮನ್ನು ಯಾರು ಕೇಳುತ್ತಾರೆ" ಎಂದು ಸುಮ್ಮನಿರುತ್ತೇವೆ. ಆದರೆ ಇಲಿನಾಯ್ ಮತ್ತು ಮಿಶಿಗನ್ ಎರಡರಲ್ಲೂ ಬಹಿರಂಗ ಸಭೆಗಳ ಕಾಯಿದೆ ಇದೆ. ಬೋರ್ಡಿನ ಸಭೆಯಲ್ಲಿ ಮಾತಾಡುವ ಅವಕಾಶವನ್ನು ಅದು ಓಟುದಾರರಿಗೆ ಮಾತ್ರ ಕೊಟ್ಟಿಲ್ಲ, ಯಾವ ವ್ಯಕ್ತಿಗಾದರೂ ಕೊಟ್ಟಿದೆ. ಮನೆ ಕೊಂಡವರು ನೇರವಾಗಿ, ಬಾಡಿಗೆಯವರು ಬಾಡಿಗೆಯ ಮೂಲಕ ಪಾರ್ಕಿನ ತೆರಿಗೆ ಕಟ್ಟುತ್ತಲೇ ಇದ್ದೇವೆ. ಹಣ ಕೊಟ್ಟೂ ಬಾಯಿ ಮುಚ್ಚಿಕೊಂಡಿರುವುದು ವಿನಯವಲ್ಲ, ಅದು ಬರೀ ಸಂಕೋಚ. ನಾನು ನಮ್ಮೂರಿನ ಪಾರ್ಕ್ ಬೋರ್ಡಿನ ಸಭೆಗಳಿಗೆ ಹೋಗುತ್ತಿದ್ದೇನೆ. ಕೆಲವು ಸಂಜೆ ಜನರ ಕುರ್ಚಿಗಳಲ್ಲಿ ಹತ್ತು ಮಂದಿಯೂ ಇರುವುದಿಲ್ಲ. ಅಲ್ಲಿ ನಾಲ್ಕು ಮನೆಯವರು ಎದ್ದು ನಿಂತು ಒಂದೇ ಮಾತು ಹೇಳಿದರೆ ಅದು ಸಣ್ಣ ದನಿಯಲ್ಲ.

ನಮಗೆ ಶಕ್ತಿಯಿಲ್ಲವೇ? 2002ರಲ್ಲಿ ಡೆಟ್ರಾಯಿಟ್‌ನಲ್ಲಿ, 2008ರಲ್ಲಿ ಶಿಕಾಗೋದಲ್ಲಿ ವಿಶ್ವ ಕನ್ನಡ ಸಮ್ಮೇಳನ ನಡೆಸಿದವರು ನಾವು. ಸಾವಿರಾರು ಜನರಿಗೆ ಊಟ, ಮೈಕು, ಪಾರ್ಕಿಂಗ್ ಹೊಂದಿಸಿದ ನಮಗೆ ಒಂದು ಮನವಿ ಪತ್ರ ಹೊಂದಿಸುವುದು ಭಾರವೇ?

"ಇದರಿಂದ ಕನ್ನಡಕ್ಕೇನು ಲಾಭ?" ಎಂದು ಕೇಳಬಹುದು. ನಮ್ಮ ಮಕ್ಕಳಿಗೆ ಕನ್ನಡವೆಂದರೆ ಬಾಡಿಗೆ ಸಭಾಂಗಣ, ರೇಷ್ಮೆ ಬಟ್ಟೆ, ಭಾನುವಾರದ ತರಗತಿ. ಮೊಣಕಾಲು ತರಚಿದಾಗ, ಗೆಳೆಯನನ್ನು ಹಿಂದೆ ಹಾಕಿದಾಗ ಅವರ ಬಾಯಲ್ಲಿ ಬರುವ ನುಡಿ ಬೇರೆ. ಆಟದ ಬಯಲಿಗೆ ಬಾರದ ನುಡಿ ಮಕ್ಕಳ ನುಡಿಯಾಗಿ ಉಳಿಯುವುದಿಲ್ಲ. "ಒತ್ತು, ಬಗ್ಗು, ಜೀಕು, ಬಿಡಬೇಡ!" ಎಂದು ಅಪ್ಪ ಅಮ್ಮ ದಾರಿಯ ಪಕ್ಕ ನಿಂತು ಕೂಗಿದರೆ ಅದೂ ಒಂದು ಕನ್ನಡ ತರಗತಿಯೇ.

ಆದ್ದರಿಂದ ಮೂರು ಕೆಲಸ. ನಿಮ್ಮೂರಿನ ಪಾರ್ಕ್ ಯೋಜನೆಯನ್ನು ಈ ವಾರವೇ ಓದಿ. ಮುಂದಿನ ಸಭೆಯ ದಿನಾಂಕವನ್ನು ಕ್ಯಾಲೆಂಡರಿಗೆ ಹಾಕಿಕೊಳ್ಳಿ. ಹೋಗುವಾಗ ಕನ್ನಡಿಗರನ್ನಷ್ಟೇ ಅಲ್ಲ, ಪಕ್ಕದ ಮನೆಯ ಮೆಕ್ಸಿಕೋದವರನ್ನೂ ಪೋಲೆಂಡಿನವರನ್ನೂ ಕರೆದುಕೊಂಡು ಹೋಗಿ, ಏಕೆಂದರೆ ಜೀಕುದಾರಿ ಊರಿನದ್ದಾದರೆ ಮಾತ್ರ ಕಟ್ಟಲು ಸಾಧ್ಯ. ಸಹಿ ಹಾಕುವ ಹಾಳೆ ಮಜ್ಜಿಗೆಯ ಪಾತ್ರೆಯ ಪಕ್ಕದಲ್ಲಿದೆ. ಹೆಸರಿನ ಜೊತೆ ನಿಮ್ಮ ಊರನ್ನೂ ಬರೆಯಿರಿ, ಒಂದೇ ಊರಿನವರನ್ನು ಒಂದು ಗುಂಪು ಮಾಡುವ ಕೆಲಸ ನನ್ನದು.