ಪಂಜರದಿಂದ ತಟ್ಟೆಯವರೆಗೆ

ಇಂದು ಪತ್ರಿಕೋದ್ಯಮದಲ್ಲಿ ಪದವಿ ಪಡೆಯುತ್ತಿರುವ ಗೆಳೆಯರೇ,

ಇಂಡೊನೇಷ್ಯಾದ ಪೂರ್ವ ಭಾಗದಲ್ಲಿ, ಮಲುಕು ದ್ವೀಪಗಳ ನಡುವೆ, ಬೆಂಜಿನಾ ಎಂಬ ಊರಿದೆ. ಅಲ್ಲಿಯ ಮೀನುಗಾರಿಕೆ ಕಂಪನಿಯ ಆವರಣದಲ್ಲಿ ಒಂದು ಪಂಜರವಿತ್ತು. ತುಕ್ಕು ಹಿಡಿದ ಸರಳುಗಳ ಹಿಂದೆ ಮ್ಯಾನ್ಮಾರಿನ ಎಂಟು ಜನ. ಮೈಚಾಚಿ ಮಲಗಲು ಸಾಲುವಷ್ಟೇ ಜಾಗ, ದಿನಕ್ಕೆ ನಾಲ್ಕು ತುತ್ತು ಅನ್ನ. ತಪ್ಪಿಸಿಕೊಂಡು ಓಡಬಹುದು ಎಂಬ ಅನುಮಾನವೇ ಅವರ ಅಪರಾಧ. ನಮ್ಮ ಭಾಷೆಯಲ್ಲಿ ಇದಕ್ಕೆ ಹಳೆಯ ಹೆಸರಿದೆ: ಜೀತ.

ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆಯ ರಾಬಿನ್ ಮೆಕ್‌ಡೊವೆಲ್, ಮಾರ್ಜಿ ಮೇಸನ್, ಮಾರ್ತಾ ಮೆಂಡೋಜಾ ಮತ್ತು ಎಸ್ತರ್ ಟುಸಾನ್ ಇದನ್ನು ವರದಿ ಮಾಡಿದ ನಾಲ್ವರು ಹೆಣ್ಣುಮಕ್ಕಳು. ಎಸ್ತರ್ ಮ್ಯಾನ್ಮಾರಿನವರೇ. ಊರು ಬಿಟ್ಟು ಎಷ್ಟೋ ವರ್ಷವಾದವನಿಗೆ ತನ್ನ ಭಾಷೆಯಲ್ಲಿ ಮಾತಾಡಿಸುವವರು ಸಿಕ್ಕರೆ ಏನಾಗುತ್ತದೆಂದು ಯೋಚಿಸಿ. ದಿನಕ್ಕೆ 20 ತಾಸಿನ ದುಡಿಮೆ, ತೊರಕೆ ಮೀನಿನ ವಿಷದ ಬಾಲದಿಂದ ಬಿದ್ದ ಏಟು, ಎಲ್ಲವನ್ನೂ ಆ ಜನ ಹೇಳಿಕೊಂಡರು. ಅಲ್ಲೊಂದು ಸ್ಮಶಾನವೂ ಇತ್ತು. 60ಕ್ಕೂ ಹೆಚ್ಚು ಸಮಾಧಿಗಳು, ಮರದ ಹಲಗೆಗಳ ಮೇಲೆ ಥಾಯ್ ಹೆಸರುಗಳು. ಸುಳ್ಳು ಹೆಸರುಗಳವು. ಸತ್ತ ಮೇಲೂ ಅವರಿಗೆ ಸ್ವಂತ ಹೆಸರು ಸಿಗಲಿಲ್ಲ.

ಕಂಡಷ್ಟನ್ನು ಬರೆದಿದ್ದರೂ ದೊಡ್ಡ ವರದಿಯೇ ಆಗುತ್ತಿತ್ತು. ಆದರೆ ಇವರು ಮೀನಿನ ಬೆನ್ನು ಹತ್ತಿದರು. ಅದನ್ನು ಹೊತ್ತ ಸರಕು ಹಡಗು ಥಾಯ್ಲೆಂಡ್ ಮುಟ್ಟಲು 15 ದಿನ ಬೇಕಾಯಿತು; ಅಷ್ಟೂ ದಿನ ಉಪಗ್ರಹದ ಸಂಕೇತದ ಮೇಲೆ ಕಣ್ಣಿಟ್ಟರು. ಬಂದರಿನಲ್ಲಿ ನಾಲ್ಕು ರಾತ್ರಿ ಲಾರಿಗಳ ಹಿಂದೆ ಹೋಗಿ, ಯಾವ ಲಾರಿ ಯಾವ ಕಾರ್ಖಾನೆಯ ಗೇಟು ಹೊಕ್ಕಿತೆಂದು ಗುರುತು ಹಾಕಿಕೊಂಡರು. ಆಮೇಲೆ ಅಮೆರಿಕದ ಸುಂಕದ ದಾಖಲೆಗಳು. ಜೀತದ ಮೀನು ಅಲ್ಲಿಯ ಅಂಗಡಿಗಳಿಗೆ, ಊಟದ ತಟ್ಟೆಗಳಿಗೆ ಹೋಗುವ ದಾರಿ ಹೀಗೆ ಬಯಲಾಯಿತು. ನನಗೆ ಪಂಜರದ ಚಿತ್ರಕ್ಕಿಂತ ಆ ನಾಲ್ಕು ರಾತ್ರಿಗಳೇ ಹೆಚ್ಚು. ದೂರದವರ ನೋವಿಗೆ ಮರುಗಿ ಪುಟ ತಿರುಗಿಸುವುದು ಸುಲಭ. ತನ್ನ ತಟ್ಟೆಗೆ ಬಂದದ್ದನ್ನು ಯಾರೂ ಹಾಗೆ ತಿರುಗಿಸಲಾರರು.

ಇನ್ನೊಂದು ಕೆಲಸ ಮಾಡಿದರು, ಅದನ್ನು ಹೇಳಲೆಂದೇ ನಾನು ಬಂದಿದ್ದೇನೆ. ಎಲ್ಲ ಕೈಯಲ್ಲಿದ್ದರೂ ತಕ್ಷಣ ಪ್ರಕಟಿಸಲಿಲ್ಲ. ವರದಿಯಲ್ಲಿ ಬರುವ ಜನರ ವಿಷಯವನ್ನು ಮೊದಲು ಅಂತಾರಾಷ್ಟ್ರೀಯ ವಲಸೆ ಸಂಸ್ಥೆಗೆ ತಿಳಿಸಿದರು. ಪೊಲೀಸರು ಅವರನ್ನು ದ್ವೀಪದಿಂದ ಸುರಕ್ಷಿತವಾಗಿ ಕರೆದೊಯ್ದ ಮೇಲೆ, 2015ರ ಮಾರ್ಚ್‌ನಲ್ಲಿ, ಮೊದಲ ವರದಿ ಬಂತು.

ನಾನು ಕಾಯಲಿಲ್ಲ. ವೃತ್ತಿಗೆ ಬಂದ ಹೊಸದರಲ್ಲಿ ಒಂದು ಕಲ್ಲು ಕ್ವಾರಿಗೆ ಹೋಗಿದ್ದೆ. ಮುಂಗಡದ ಸಾಲಕ್ಕೆ ಸಿಕ್ಕಿ ಹೆಂಡತಿ ಮಕ್ಕಳ ಸಮೇತ ಕಲ್ಲು ಒಡೆಯುತ್ತಿದ್ದವನೊಬ್ಬ ಶೆಡ್ಡಿನ ಹಿಂದಕ್ಕೆ ಕರೆದು ಎಲ್ಲ ಹೇಳಿದ. “ಹೆಸರು ಮಾತ್ರ ಹಾಕ್ಬೇಡಿ ಸಾರ್” ಅಂದ. ಹಾಕಲಿಲ್ಲ. ಬೆನ್ನಷ್ಟೇ ಕಾಣುವ ಫೋಟೊ ಹಾಕಿದೆ. ಅಂಗಿಯ ಬೆನ್ನಿಗೆ ದೊಡ್ಡದೊಂದು ತೇಪೆ ಇತ್ತು. ಅದು ಇಡೀ ಕ್ವಾರಿಗೇ ಗೊತ್ತು. ವಾರ ಬಿಟ್ಟು ಹೋದರೆ ಶೆಡ್ಡು ಖಾಲಿ, ಒಲೆಯಲ್ಲಿ ತಣ್ಣನೆಯ ಬೂದಿ. ಜೀತ ನಿಷೇಧಿಸುವ 1976ರ ಕಾನೂನು ನನಗೆ ಬಾಯಿಪಾಠವಿತ್ತು, ಅದರಡಿ ಯಾರ ಬಾಗಿಲು ತಟ್ಟಬೇಕೆಂದೂ ಗೊತ್ತಿತ್ತು. ಮೊದಲು ಅಲ್ಲಿಗೆ ಹೋಗಬೇಕೆಂದು ಹೊಳೆಯಲಿಲ್ಲ. ಆ ಸಂಸಾರ ಎಲ್ಲಿ ಹೋಯಿತೋ, ಇವತ್ತಿಗೂ ತಿಳಿಯದು.

ಬೆಂಜಿನಾದ ವರದಿಗಳ ನಂತರ 2,000ಕ್ಕೂ ಹೆಚ್ಚು ಜನ ಬಿಡುಗಡೆಯಾದರು. 2016ರಲ್ಲಿ ಪುಲಿಟ್ಜರ್ ಪ್ರಶಸ್ತಿಯೂ ಬಂತು. ನೀವು ನೆನಪಿಡಬೇಕೆಂದು ನಾನು ಬಯಸುವುದು ಪ್ರಶಸ್ತಿಗಿಂತ ಹಿಂದಿನ ಒಂದು ದಿನವನ್ನು. 2015ರ ಏಪ್ರಿಲ್ ಮೊದಲ ವಾರ ಇಂಡೊನೇಷ್ಯಾದ ಅಧಿಕಾರಿಗಳು ಬೆಂಜಿನಾಕ್ಕೆ ಬಂದು, ಮನೆಗೆ ಹೋಗಬೇಕೆನ್ನುವವರು ಹೊರಡಬಹುದು ಎಂದರು. ಜೋರು ಮಳೆ. ಆ ಮಳೆಯಲ್ಲೇ ಜನ ತಮ್ಮ ದೋಣಿಗಳಿಗೆ ಓಡಿದರು, ಕಿಟಕಿಗಳಿಂದ ಒಳಗೆ ನುಗ್ಗಿದರು, ಇದ್ದ ಬಟ್ಟೆಬರೆಯನ್ನು ಪ್ಲಾಸ್ಟಿಕ್ ಚೀಲಗಳಿಗೆ ತುರುಕಿಕೊಂಡು, ಎಲ್ಲಿ ತಮ್ಮನ್ನು ಬಿಟ್ಟು ಹೋಗುತ್ತಾರೋ ಎಂದು ಮತ್ತೆ ಧಕ್ಕೆಗೆ ಓಡಿಬಂದರು. ಅಂದು 300ಕ್ಕೂ ಹೆಚ್ಚು ಜನ ಆ ದ್ವೀಪ ಬಿಟ್ಟರು.