ಮಾತ್ರೆಯ ಪಕ್ಕ ಒಂದು ನೋಟ್‌ಬುಕ್



ಪಾರ್ಕಿನ್ಸನ್ ಕಾಯಿಲೆ ಇರುವವರಿಗಾಗಿ ಏರ್ಪಡಿಸಿರುವ ಈ ಪ್ರದರ್ಶನದಲ್ಲಿ ಮಣಿಕಟ್ಟಿಗೆ ಕಟ್ಟುವ ಸೆನ್ಸರ್‌ಗಳಿವೆ, ನೆಲದ ಮೇಲೆ ಬೆಳಕಿನ ಗೆರೆ ಎಳೆಯುವ ಊರುಗೋಲಿದೆ, ಚೆಲ್ಲದ ಲೋಟಗಳಿವೆ. ಆದರೆ ಬಾಗಿಲ ಬಳಿಯ ಮೊದಲ ಮೇಜಿನ ಮೇಲೆ ಸಂಘಟಕರು ಇಟ್ಟಿರುವುದು ಮಕ್ಕಳು ಶಾಲೆಗೆ ಒಯ್ಯುವಂಥ ಒಂದು ನೋಟ್‌ಬುಕ್. ಸ್ಕೇಲಿಟ್ಟು ಗೆರೆ ಎಳೆದ ಮಾದರಿ ಪುಟ. ಎಡಕ್ಕೆ ಗಂಟೆ, ನಡುವೆ ಮಾತ್ರೆ, ಬಲಕ್ಕೆ ಮೈ ಹೇಗಿತ್ತು ಎಂಬುದಕ್ಕೆ ಒಂದೆರಡು ಮಾತು. ‘6.30 – ಮಾತ್ರೆ. 7.15 – ಕೈ ಸಡಿಲ, ಅಂಗಿ ಗುಂಡಿ ತಾವೇ ಹಾಕಿಕೊಂಡರು. 10.15 – ಕಾಲು ಭಾರ. 10.30 – ಬಚ್ಚಲ ಬಾಗಿಲಲ್ಲಿ ನಿಂತುಬಿಟ್ಟರು.’ ಯಂತ್ರಗಳೆಲ್ಲ ಆಮೇಲಿನ ಸಾಲಿನಲ್ಲಿವೆ. ಆ ಕ್ರಮ ಸರಿಯಾಗಿದೆ.

ಪಾರ್ಕಿನ್ಸನ್ ಕಾಯಿಲೆ ಇರುವವರು ವೈದ್ಯರ ಎದುರು ಕೂರುವುದು ಮೂರು ತಿಂಗಳಿಗೋ ಆರು ತಿಂಗಳಿಗೋ ಒಮ್ಮೆ, ಅದೂ ಹತ್ತು ನಿಮಿಷ. ಆ ಹತ್ತು ನಿಮಿಷ ಮಾತ್ರೆ ಚೆನ್ನಾಗಿ ಕೆಲಸ ಮಾಡುತ್ತಿರುವ ಹೊತ್ತಿನಲ್ಲಿ ಬಿದ್ದರೆ ಎಲ್ಲ ಸರಿಯಾಗಿದೆ ಅನಿಸುತ್ತದೆ. ಸರದಿಯಲ್ಲಿ ಕಾದು ಕಾದು ಮಾತ್ರೆ ಇಳಿದಿದ್ದರೆ ಕಾಯಿಲೆ ಉಲ್ಬಣಿಸಿದಂತೆ ಕಾಣುತ್ತದೆ. ‘ಹೇಗಿದ್ದೀರಿ?’ ಎಂದರೆ ‘ಪರವಾಗಿಲ್ಲ ಸಾರ್’ ಎಂಬ ಉತ್ತರ. ಪರವಾಗಿಲ್ಲ ಎಂಬ ಮಾತಿಗೆ ಯಾವ ವೈದ್ಯರೂ ಮಾತ್ರೆ ಹೊಂದಿಸಲಾರರು. ಮಧ್ಯಾಹ್ನ ಮೂರರಿಂದ ನಾಲ್ಕರವರೆಗೆ ದಿನವೂ ಕಾಲು ಏಳುವುದಿಲ್ಲ ಎಂದು ಬರೆದು ತಂದರೆ ಹೊಂದಿಸಬಲ್ಲರು.

ಈ ಕಾಯಿಲೆಯನ್ನು ಲೋಕ ಗುರುತಿಸಿದ್ದೇ ಕಣ್ಣಿನಿಂದ. ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ತಮ್ಮ ಪ್ರಬಂಧದಲ್ಲಿ ವಿವರಿಸಿದ್ದು ಆರು ಜನರನ್ನು. ಅವರಲ್ಲಿ ಕೆಲವರನ್ನು ಬೀದಿಯಲ್ಲಿ ಕಂಡದ್ದು ಮಾತ್ರ. ಮಿದುಳಿನಲ್ಲಿ ಡೋಪಮೈನ್ ಮಾಡುವ ಕೆಲಸವನ್ನು ಅರ್ವಿಡ್ ಕಾರ್ಲ್‌ಸನ್ ತೋರಿಸಿಕೊಟ್ಟದ್ದು 1957ರ ಹೊತ್ತಿಗೆ, ಲೆವೊಡೋಪಾ ಮಾತ್ರೆ ಬಳಕೆಗೆ ಬಂದದ್ದು ಅರವತ್ತರ ದಶಕದಲ್ಲಿ. ಇವತ್ತಿಗೂ ವೈದ್ಯರು ರೋಗ ನಿರ್ಣಯಕ್ಕೆ ಮುಖ್ಯವಾಗಿ ನೆಚ್ಚುವುದು ನೋಡುವುದನ್ನು, ಕೇಳುವುದನ್ನು, ಕೈ ಮಡಿಸಿ ಬಿಡಿಸಿ ಪರೀಕ್ಷಿಸುವುದನ್ನು.

ಮೊದಲ ಕೆಲವು ವರ್ಷ ಮಾತ್ರೆಗಳು ದಿನವಿಡೀ ಸಮನಾಗಿ ಕಾಯುತ್ತವೆ. ಆಮೇಲೆ ಒಂದು ಮಾತ್ರೆಗೂ ಇನ್ನೊಂದಕ್ಕೂ ನಡುವೆ ಕಂದಕ ಬೀಳತೊಡಗುತ್ತದೆ. ಮನೆಯವರು ತಿಳಿಯದೆ ಎಡವುವುದು ಇಲ್ಲೇ. ಕೈ ತೊಡೆಯ ಮೇಲೆ ಸುಮ್ಮನಿದ್ದಾಗ ಸೆಕೆಂಡಿಗೆ ನಾಲ್ಕಾರು ಬಾರಿ ಅದುರುವುದು ನಡುಕ. ಮಾತ್ರೆ ಸಾಲದಾದಾಗ ಅದು ಹೆಚ್ಚುತ್ತದೆ. ಕತ್ತು, ಭುಜ, ಸೊಂಟ ಬಳ್ಳಿಯಂತೆ ತಾವಾಗಿ ಓಲಾಡುವುದು ಬೇರೆ. ಅದನ್ನು ವೈದ್ಯರು ಡಿಸ್ಕೈನೇಸಿಯಾ ಎನ್ನುತ್ತಾರೆ, ಸಾಮಾನ್ಯವಾಗಿ ಮಾತ್ರೆ ರಕ್ತದಲ್ಲಿ ಏರಿ ನಿಂತಾಗ ಬರುತ್ತದೆ. ಒಂದಕ್ಕೆ ಔಷಧ ಹೆಚ್ಚಿಸಬೇಕಾಗಬಹುದು, ಇನ್ನೊಂದಕ್ಕೆ ಇಳಿಸಬೇಕಾಗಬಹುದು. ಮಗ ಫೋನಿನಲ್ಲಿ ‘ಅಪ್ಪನಿಗೆ ಅಲುಗಾಟ ಜಾಸ್ತಿಯಾಗಿದೆ’ ಎಂದಷ್ಟೇ ಹೇಳಿದರೆ ಯಾವುದು ಎಂದು ತಿಳಿಯುವುದು ಹೇಗೆ? ಮಾತ್ರೆ ನುಂಗಿ ಎಷ್ಟು ಹೊತ್ತಿಗೆ ಎಂಬ ಒಂದು ಅಂಕಿ, ಜತೆಗೆ ಮೊಬೈಲಿನಲ್ಲಿ ಹಿಡಿದ ಒಂದು ನಿಮಿಷದ ವಿಡಿಯೊ ಇದ್ದರೆ ಗೊಂದಲದ ಬಹುಪಾಲು ಕರಗುತ್ತದೆ. ಅಮೆರಿಕದ ನರರೋಗ ತಜ್ಞ ರಾಬರ್ಟ್ ಹೌಸರ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಡೈರಿ ಮಾಡುವುದೂ ಇದನ್ನೇ: ದಿನವನ್ನು ಅರ್ಧರ್ಧ ಗಂಟೆಗೆ ಹೋಳು ಮಾಡಿ, ಆ ಹೊತ್ತಿನಲ್ಲಿ ಮೈ ನಡೆಯುತ್ತಿತ್ತೋ, ಕಟ್ಟಿಹೋಗಿತ್ತೋ, ಓಲಾಟ ಕಾಡುತ್ತಿತ್ತೋ, ನಿದ್ದೆಯಲ್ಲಿದ್ದರೋ ಎಂದು ಗುರುತು ಹಾಕುವುದು. ವರ್ಷವಿಡೀ ಬರೆಯಬೇಕಿಲ್ಲ. ವೈದ್ಯರನ್ನು ಕಾಣುವ ಮುಂಚಿನ ಮೂರು ದಿನ ಬರೆದರೂ ಕೆಲಸಕ್ಕೆ ಬರುತ್ತದೆ.

ತಿಂಗಳಿಗೊಮ್ಮೆ ಅದೇ ಒಂದು ವಾಕ್ಯ ಬರೆಸಿಡುವುದು ಇನ್ನೊಂದು ದಾರಿ. ಸಾಲಿನ ಆರಂಭದಲ್ಲಿ ದುಂಡಗಿದ್ದ ಅಕ್ಷರ ಕೊನೆಗೆ ಸಾಸಿವೆಯಷ್ಟಾಗುವುದು ಈ ಕಾಯಿಲೆಯ ಗುರುತು. ನಡಿಗೆ ನೋಡಲು ಕೈಯಿರುವ ಗಟ್ಟಿ ಕುರ್ಚಿಯನ್ನು ಗೋಡೆಗೆ ಆನಿಸಿ, ಮೂರು ಮೀಟರ್ ದೂರಕ್ಕೆ ಗುರುತು ಹಾಕಿ, ಎದ್ದು ಹೋಗಿ ತಿರುಗಿ ಬಂದು ಕೂರಲು ಎಷ್ಟು ಸೆಕೆಂಡ್ ಎಂದು ಎಣಿಸುತ್ತಾರೆ. 12 ಸೆಕೆಂಡ್ ಅಥವಾ ಅದಕ್ಕಿಂತ ಹೆಚ್ಚು ಹಿಡಿದರೆ ಬೀಳುವ ಅಪಾಯ ಉಂಟೆಂದು ವೈದ್ಯರಿಗೆ ತಿಳಿಸಬೇಕು. ನಡೆಯುವವರ ಪಕ್ಕದಲ್ಲಿ, ಕೈಗೆಟುಕುವಷ್ಟು ಹತ್ತಿರ, ಒಬ್ಬರು ಇರಲೇಬೇಕು. ಒಂಟಿಯಾಗಿರುವ ಹೊತ್ತಿನಲ್ಲಿ ಈ ಪರೀಕ್ಷೆ ಬೇಡವೇ ಬೇಡ. ಹಿಂದಿನಿಂದ ಭುಜ ಎಳೆದು ಸಮತೋಲ ನೋಡುವುದು ಕ್ಲಿನಿಕ್ಕಿನಲ್ಲಿ ತರಬೇತಾದವರ ಕೆಲಸ. ಯೂಟ್ಯೂಬ್ ನೋಡಿ ಮನೆಯಲ್ಲಿ ಎಳೆದರೆ ಸೊಂಟದ ಮೂಳೆ ಮುರಿದೀತು.

ರಕ್ತದೊತ್ತಡವನ್ನು ಕೂತು ಒಮ್ಮೆ ನೋಡಿದರೆ ಸಾಲದು. ಐದು ನಿಮಿಷ ಮಲಗಿದ್ದಾಗ ಒಮ್ಮೆ, ಎದ್ದು ನಿಂತು ಒಂದು ನಿಮಿಷಕ್ಕೆ, ಮೂರು ನಿಮಿಷಕ್ಕೆ ಮತ್ತೆ ನೋಡಬೇಕು. ಮೇಲಿನ ಅಂಕಿ 20ರಷ್ಟೋ ಕೆಳಗಿನದು 10ರಷ್ಟೋ ಕುಸಿದರೆ, ಬೆಳಗ್ಗೆ ಹಾಸಿಗೆಯಿಂದೆದ್ದಾಗ ಕಣ್ಣು ಕತ್ತಲಿಡುವುದಕ್ಕೆ ಕಾರಣ ಸಿಕ್ಕಂತೆ. ತಲೆ ಸುತ್ತಿದರೆ ಅಳತೆ ಅಲ್ಲಿಗೇ ಬಿಟ್ಟು ಕೂರಿಸಬೇಕು.

ಇನ್ನು ಯಾವ ಗಡಿಯಾರಕ್ಕೂ ಕಾಣದ ಸಂಗತಿಗಳು. ನಾಲ್ಕು ದಿನದ ಮಲಬದ್ಧತೆ. ನಿದ್ದೆಯಲ್ಲಿ ಕೂಗಿ, ಕೈಕಾಲು ಬೀಸಿ ಪಕ್ಕದವರಿಗೆ ಏಟು ಬೀಳುವುದು. ಸಂಜೆ ಹೊತ್ತು ಯಾರೂ ಇಲ್ಲದ ಕುರ್ಚಿಯಲ್ಲಿ ಮಗು ಕೂತಂತೆ ಕಾಣುವುದು. ನೀರು ಕುಡಿಯುವಾಗಲೆಲ್ಲ ಕೆಮ್ಮು. ಪ್ರಾಮಿಪೆಕ್ಸೋಲ್, ರೋಪಿನಿರೋಲ್‌ನಂಥ ಔಷಧ ತೆಗೆದುಕೊಳ್ಳುವ ಕೆಲವರಿಗೆ ಜೂಜಿನ ಗೀಳು, ಕೊಳ್ಳುವ ಗೀಳು ಹತ್ತುವುದೂ ಉಂಟು. ನಿವೃತ್ತಿಯ ಹಣ ಕರಗುತ್ತಿದ್ದರೆ ಅದು ಮನುಷ್ಯನ ಸ್ವಭಾವವಲ್ಲ, ಔಷಧದ ಪರಿಣಾಮ ಇದ್ದೀತು. ಹೇಳಲು ನಾಚಿಕೆಯಾಗುವ ಈ ಸಂಗತಿಗಳನ್ನೇ ಮೊದಲು ಹೇಳಬೇಕು.

ಮಾತ್ರೆಯ ವಿಷಯದಲ್ಲಿ ಎಚ್ಚರ ಇನ್ನೂ ಹೆಚ್ಚು ಬೇಕು. ಮೆಡಿಕಲ್ ಶಾಪಿನಲ್ಲಿ ಇವುಗಳನ್ನು ‘110’, ‘125’ ಎಂದು ಅಂಕಿಯಿಂದ ಕರೆಯುವ ರೂಢಿ. ನೋಟ್‌ಬುಕ್ಕಿನಲ್ಲಿ ಹೆಸರಿನ ಜತೆ ಆ ಅಂಕಿಯೂ ಇರಲಿ. ಕಾಯಿಲೆ ಎಷ್ಟಿದೆ ನೋಡೋಣ ಎಂದು ಮಾತ್ರೆಯನ್ನು ಥಟ್ಟನೆ ನಿಲ್ಲಿಸುವುದು ಪ್ರಾಣಕ್ಕೆ ಬರಬಹುದು: ಜ್ವರ ಏರಿ ಮೈ ಮರಗಟ್ಟಿದರೆ ತಡಮಾಡದೆ ಆಸ್ಪತ್ರೆಗೆ ಓಡಬೇಕು. ವಾಂತಿಗೆಂದು ಕೊಡುವ ಮೆಟೊಕ್ಲೋಪ್ರಮೈಡ್ ಡೋಪಮೈನಿನ ದಾರಿಯನ್ನೇ ಕಟ್ಟಿಹಾಕುತ್ತದೆ, ಆದ್ದರಿಂದ ಯಾವ ಕ್ಲಿನಿಕ್ಕಿಗೆ ಹೋದರೂ ಪಾರ್ಕಿನ್ಸನ್ ಇದೆ ಎಂದು ಮೊದಲೇ ಹೇಳಬೇಕು. ನಮ್ಮ ಬೇಲಿಗಳಲ್ಲಿ ಬೆಳೆಯುವ ನಸುಗುನ್ನಿಯ ಬೀಜದಲ್ಲಿ ಇರುವುದೂ ಲೆವೊಡೋಪಾವೇ. ಅದರ ಪುಡಿಯನ್ನು ವೈದ್ಯರಿಗೆ ಹೇಳದೆ ಸೇವಿಸಿದರೆ ಲೆಕ್ಕ ತಪ್ಪುತ್ತದೆ. ಹಾಲಿನ ಜತೆ ಮಾತ್ರೆ ನುಂಗುವ ಅಭ್ಯಾಸವನ್ನೂ ಬರೆದಿಡಬೇಕು, ಏಕೆಂದರೆ ಪ್ರೋಟೀನು ಈ ಔಷಧಕ್ಕೆ ಅಡ್ಡ ನಿಲ್ಲುತ್ತದೆ.

ಮಾದರಿ ಪುಟದಲ್ಲಿ ‘ಬಚ್ಚಲ ಬಾಗಿಲಲ್ಲಿ ನಿಂತುಬಿಟ್ಟರು’ ಎಂದಿತ್ತಲ್ಲ, ಅದು ಹಟವಲ್ಲ. ಬಾಗಿಲು, ಹೊಸ್ತಿಲು, ಇಕ್ಕಟ್ಟಾದ ತಿರುವು ಬಂದಾಗ ಪಾದ ನೆಲಕ್ಕೆ ಅಂಟಿಕೊಳ್ಳುತ್ತದೆ. ಆಗ ಕೈ ಹಿಡಿದು ಎಳೆದರೆ ಮುಗ್ಗರಿಸುತ್ತಾರೆ. ನಿಲ್ಲಿಸಿ, ಉಸಿರಾಡಲು ಬಿಟ್ಟು, ‘ಒಂದು, ಎರಡು’ ಎಂದು ಎಣಿಸಿದರೆ ಹೆಜ್ಜೆ ಬಿಚ್ಚಿಕೊಳ್ಳುತ್ತದೆ. ಪುಣೆಯ ವಿನ್ಯಾಸಗಾರ್ತಿ ಮಿಲೇಹಾ ಸೋನೇಜಿ ತಮ್ಮ ಚಿಕ್ಕಪ್ಪನನ್ನು ಗಮನಿಸುತ್ತ ಒಂದು ವಿಚಿತ್ರ ಕಂಡರು: ಸಮತಟ್ಟು ನೆಲದಲ್ಲಿ ತಡವರಿಸುವವರು ಮೆಟ್ಟಿಲನ್ನು ಸಲೀಸಾಗಿ ಇಳಿಯುತ್ತಿದ್ದರು. ಆಕೆ ನೆಲಕ್ಕೆ ಮೆಟ್ಟಿಲಿನ ಚಿತ್ರ ಅಂಟಿಸಿದರು. ಚಿಕ್ಕಪ್ಪ ಅದರ ಮೇಲೆ ನಡೆದರು. ಗಮನಿಸುವ ಕಣ್ಣು ಮಾಡಿದ ಕೆಲಸ ಅದು. ಬಚ್ಚಲ ಮುಂದೆ ಅಡ್ಡಡ್ಡ ಬಣ್ಣದ ಟೇಪು ಹಚ್ಚುವುದನ್ನು, ಜಾರುವ ಕಾಲೊರಸು ತೆಗೆದಿಡುವುದನ್ನು ಯಾವ ಮನೆಯಲ್ಲೂ ಇವತ್ತೇ ಮಾಡಬಹುದು.

ಫೋನು, ಗಡಿಯಾರಗಳೂ ಸಹಾಯಕ್ಕಿವೆ. 2015ರಲ್ಲಿ ಬಂದ ‘ಎಂಪವರ್’ ಎಂಬ ಐಫೋನ್ ಅಧ್ಯಯನದಲ್ಲಿ ಸಾವಿರಾರು ಜನ ಬೆರಳು ಬಡಿದು, ದನಿ ಎತ್ತಿ, ನಡೆದು ತೋರಿಸಿದರು. ಆದರೆ ಹಲ್ಲುಜ್ಜುವುದನ್ನೋ ಆಟೋದ ಕುಲುಕಾಟವನ್ನೋ ಯಂತ್ರ ನಡುಕವೆಂದು ಎಣಿಸಿಬಿಟ್ಟೀತು. ಆ ಹೊತ್ತಿನಲ್ಲಿ ಏನಾಗುತ್ತಿತ್ತು ಎಂದು ನೋಟ್‌ಬುಕ್ ಹೇಳಬೇಕು. ಅಂಕಿ ನೋಡಿ ತಾವೇ ಮಾತ್ರೆ ಏರಿಸಿ ಇಳಿಸುವುದಂತೂ ಕೂಡದು.

ಕೊನೆಯದಾಗಿ, ಪೆನ್ನು ಯಾರ ಕೈಯಲ್ಲಿರಬೇಕು? ಸಾಧ್ಯವಿರುವಷ್ಟು ದಿನ ಕಾಯಿಲೆ ಇರುವವರ ಕೈಯಲ್ಲೇ. ಬೆರಳು ಸೋತಾಗ ಅವರು ಹೇಳಲಿ, ಮನೆಯವರು ಬರೆಯಲಿ. ಮಗಳು ಬಾಗಿಲ ಮರೆಯಲ್ಲಿ ನಿಂತು ಗುಟ್ಟಾಗಿ ವಿಡಿಯೊ ಮಾಡುವ ಮನೆಯಲ್ಲಿ ತಂದೆ ನಡುಗುವ ಕೈಯನ್ನು ಜೇಬಿಗಿಳಿಸಿ ಬಚ್ಚಿಡುತ್ತಾರೆ. ಕೇಳಿ ತೆಗೆದರೆ ಅವರೇ ಕೈ ಚಾಚಿ ತೋರಿಸುತ್ತಾರೆ.

ಪ್ರದರ್ಶನ ಈಗ ತೆರೆದಿದೆ. ಮೊದಲ ಮೇಜಿನಲ್ಲಿ ಹಿಡಿಯಲು ಸುಲಭವಾದ ದಪ್ಪ ಪೆನ್ಸಿಲ್ಲುಗಳೂ ಗೆರೆ ಎಳೆದ ಖಾಲಿ ಪುಟಗಳೂ ಇವೆ, ಕುರ್ಚಿಗಳಿಗೆ ಕೈಗಳಿವೆ. ಇವತ್ತು ಬೆಳಗಿನ ಮಾತ್ರೆ ನುಂಗಿದ್ದು ಎಷ್ಟು ಗಂಟೆಗೆ ಎಂಬುದರಿಂದ ಶುರು ಮಾಡಬಹುದು.