ಕುಂಡದಲ್ಲಿ ಬ್ಲೂಬೆರಿ



ತುಳಸಿ, ಕರಿಬೇವುಗಳನ್ನು ಕುಂಡದಲ್ಲಿ ಬೆಳೆಸಿದ ಅನುಭವ ನಮ್ಮಲ್ಲಿ ಅನೇಕರಿಗುಂಟು. ಅದೇ ಮಣ್ಣಿನಲ್ಲಿ ಬ್ಲೂಬೆರಿ ಸಸಿಯನ್ನು ನೆಟ್ಟರೆ ಎಳೆಯ ಎಲೆಗಳು ಹಳದಿಯಾಗಿ, ನರಗಳು ಮಾತ್ರ ಹಸಿರಾಗಿ ಉಳಿಯುವ ಸಂಭವವೇ ಹೆಚ್ಚು. ಗೊಬ್ಬರ ಸಾಲದೆಂದು ಭಾವಿಸಿ ನಾವು ಮತ್ತಷ್ಟು ಹಾಕುತ್ತೇವೆ. ಬೆಲೆ ತೆತ್ತು ತಂದ ಸಸಿ ಸಾಯುತ್ತದೆ.

ಈ ಸಸ್ಯಕ್ಕೆ ಆಮ್ಲೀಯ ಮಣ್ಣು ಅತ್ಯವಶ್ಯವೆಂದು ಅಮೆರಿಕದ ಸಸ್ಯವಿಜ್ಞಾನಿ ಫ್ರೆಡರಿಕ್ ಕೋವಿಲ್ ಅವರು 1910ರಲ್ಲಿಯೇ ಪ್ರಕಟಿಸಿದ್ದರು. ಎಲಿಜಬೆತ್ ವೈಟ್ ಅವರ ಸಹಯೋಗದಿಂದ 1916ರಲ್ಲಿ ನ್ಯೂಜೆರ್ಸಿಯಲ್ಲಿ ಕೃಷಿ ತಳಿಯ ಮೊದಲ ಫಸಲು ಮಾರಾಟಕ್ಕೆ ಬಂದಿತು.

ಮಣ್ಣಿನ ರಸಸಾರವು 4.5ರಿಂದ 5.5ರೊಳಗಿರಬೇಕು. ಅದು ಮೀರಿದರೆ ಮಣ್ಣಿನಲ್ಲಿ ಕಬ್ಬಿಣದ ಅಂಶವಿದ್ದರೂ ಬೇರುಗಳಿಗೆ ದೊರೆಯದು. ಕುಂಡದಲ್ಲಾದರೋ ಮಣ್ಣಿನ ಮಿಶ್ರಣವು ನಮ್ಮ ಅಧೀನದಲ್ಲಿರುತ್ತದೆ. ಸುಮಾರು 45 ಸೆಂ.ಮೀ. ಅಗಲದ, ನೀರು ಸರಾಗವಾಗಿ ಬಸಿಯುವ ಕುಂಡಕ್ಕೆ ಪೀಟ್ ಮತ್ತು ಪೈನ್ ತೊಗಟೆಯ ಚೂರುಗಳನ್ನು ತುಂಬಿರಿ. ಸುಣ್ಣ, ಬೂದಿಗಳು ಸರ್ವಥಾ ಕೂಡದು. ಗಡಸು ನೀರು ಆಮ್ಲೀಯತೆಯನ್ನು ಕ್ರಮೇಣ ಕುಗ್ಗಿಸುವುದರಿಂದ ಮಳೆನೀರನ್ನು ಸಂಗ್ರಹಿಸಿ ಬಳಸುವುದು ಲೇಸು. ಅಮೋನಿಯಂ ಸಲ್ಫೇಟನ್ನು ಅತ್ಯಲ್ಪ ಪ್ರಮಾಣದಲ್ಲಿ ಕೊಡಬಹುದು. ನೈಟ್ರೇಟ್ ಗೊಬ್ಬರ ಬೇಡ. ಬೇರುಗಳು ಆಳಕ್ಕಿಳಿಯವು, ಅವುಗಳಿಗೆ ರೋಮಗಳೂ ಇಲ್ಲ. ಆದಕಾರಣ ಮಿಶ್ರಣವು ಒಣಗಬಾರದು, ನೀರೂ ನಿಲ್ಲಬಾರದು.

ಕೊಳ್ಳುವ ಮುನ್ನ ತಳಿಯ ಹೆಸರನ್ನು ಕೇಳಿರಿ. ‘ಮಿಸ್ಟಿ’, ‘ಬಿಲಾಕ್ಸಿ’ಗಳಿಗೆ ಅಲ್ಪ ಚಳಿಯೇ ಸಾಕು, ಎರಡು ತಳಿಗಳು ಜೊತೆಗಿದ್ದರೆ ಫಲ ಹೆಚ್ಚು. ಆದರೂ ಚಳಿಯೇ ಇಲ್ಲದ ಚೆನ್ನೈ, ಮುಂಬಯಿಗಳಲ್ಲಿ ಫಲ ನಿಶ್ಚಿತವಲ್ಲ. ಒಂದೇ ಜೊತೆ ಸಸಿಗಳಿಂದ ಆರಂಭಿಸಿ, ಒಂದು ವರ್ಷ ಎಲೆಗಳನ್ನು ಗಮನಿಸಿರಿ. ಎಲೆ ಹಸಿರಾಗಿದ್ದರೆ ಮಾತ್ರ ಮುಂದಿನ ವೆಚ್ಚಕ್ಕೆ ಅರ್ಥವುಂಟು.